ಇಪ್ಪತ್ತಕ್ಕೆ ಆರು ಕೊಟ್ಟ ಕಥೆ

ಪ್ರಬಂಧ ತಿದ್ದುವ ಕೆಲಸದಲ್ಲಿ ನಗುವಂಥದ್ದು ಏನಿರುತ್ತೆ ಅಂತ ನಮ್ಮ ನೆಂಟರೆಲ್ಲ ಕೇಳುತ್ತಾರೆ. ನನಗಂತೂ ಒಂದು ಕಟ್ಟು ಬಿಚ್ಚಿದರೆ ಒಂದಾದರೂ ಸಿಗದೆ ಇದ್ದದ್ದಿಲ್ಲ. ಮಾಗಡಿಯ ಒಂದು ಕಾಲೇಜಿನಲ್ಲಿ ಡಿಗ್ರಿ ಮೊದಲ ವರ್ಷದವರಿಗೆ ಕನ್ನಡ ಬರವಣಿಗೆ ಕಲಿಸುತ್ತೇನೆ. ಮನೆ ರಾಮನಗರದಲ್ಲಿ, ಓಡಾಟ ಬಸ್ಸಿನಲ್ಲಿ. ಹೆಗಲಿನ ನೀಲಿ ಬ್ಯಾಗಿನಲ್ಲಿ ಸದಾ ಪ್ರಬಂಧದ ಕಟ್ಟು, ಕೈಯಲ್ಲಿ ಕೆಂಪು ಪೆನ್ನು. ಆ ಪೆನ್ನಿನ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು ಅನ್ನಿ. ಅದೇ ಪೆನ್ನಿನಿಂದ ಒಂದು ಹುಡುಗಿಯ ಓದು ನಿಂತುಹೋಗುವುದರಲ್ಲಿತ್ತು. ಅದು ಕೊನೆಗೆ. ಮೊದಲು ಸಣ್ಣಪುಟ್ಟವು.

ಜುಳುಜುಳು

‘ನಮ್ಮೂರು’ ಅಂತ ವಿಷಯ ಕೊಟ್ಟಿದ್ದೆ. ಇಡೀ ಕ್ಲಾಸಿನ ಎಲ್ಲರ ಊರ ಪಕ್ಕದಲ್ಲೂ ಒಂದೊಂದು ನದಿ ಜುಳುಜುಳು ಹರಿಯುತ್ತಿತ್ತು. ಅಷ್ಟು ನೀರು ನಿಜಕ್ಕೂ ಇದ್ದಿದ್ದರೆ ನಮ್ಮ ನಾಲ್ಕು ತಾಲ್ಲೂಕಿನವರೂ ದೋಣಿಯಲ್ಲೇ ಓಡಾಡಬೇಕಿತ್ತು. ವಿರೂಪಾಕ್ಷಿಪುರದ ಕಡೆಯ ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಒಬ್ಬನನ್ನು ಎಬ್ಬಿಸಿ ನಿಲ್ಲಿಸಿದೆ.

“ನಿಮ್ಮೂರಲ್ಲಿ ನದಿ ಇದೆಯೇನೋ?”

“ಇಲ್ಲ ಮೇಡಂ.”

“ಮತ್ತೆ ಇದು?”

“ಗೈಡಲ್ಲಿತ್ತು ಮೇಡಂ. ನಮ್ಮೂರಿಗೂ ಒಂದಿರ್ಲಿ ಅಂತ ಹಾಕ್ದೆ.”

“ಇರೋದನ್ನ ಬರಿಯಪ್ಪ. ನಿಮಗೆ ನೀರು ಎಲ್ಲಿಂದ ಬರುತ್ತೆ?”

“ಬೋರ್‌ವೆಲ್ಲಿಂದ.”

“ಅದನ್ನೇ ಬರಿ” ಅಂದೆ. ಮಾರನೇ ವಾರ ತಿದ್ದಿ ತಂದುಕೊಟ್ಟ. ‘ನಮ್ಮೂರ ಪಕ್ಕದಲ್ಲಿ ಬೋರ್‌ವೆಲ್ ಜುಳುಜುಳು ಹರಿಯುತ್ತದೆ. ತ್ರೀ ಫೇಸ್ ಕರೆಂಟು ಇದ್ದಾಗ ಮಾತ್ರ.’

ಆ ಎರಡನೇ ವಾಕ್ಯಕ್ಕೆ ನಾನು ಎರಡು ಮಾರ್ಕ್ಸ್ ಜಾಸ್ತಿ ಕೊಟ್ಟೆ. ಅದು ಅವನದೇ ಆಗಿತ್ತು.

ಪಕ್ಕದ ಸೀಟಿನ ಅಜ್ಜಿ

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತೆಂದರೆ ನಾನು ತಿದ್ದಲು ಶುರು ಮಾಡುತ್ತೇನೆ. ಹಂಪು ಬಂದಾಗ ಪೆನ್ನು ಎಗರಿ, ಸರಿ ಇದ್ದದ್ದರ ಮೇಲೂ ಒಂದು ಗೀಟು ಬೀಳುತ್ತದೆ. “ಇದು ತಪ್ಪಾ ಮೇಡಂ?” ಅಂತ ಮಕ್ಕಳು ಕೇಳಿದರೆ, “ಇಲ್ಲಮ್ಮ, ಅದು ರೋಡು” ಅನ್ನುತ್ತೇನೆ.

ಒಂದು ದಿನ ಪಕ್ಕದಲ್ಲಿ ಒಬ್ಬ ಅಜ್ಜಿ, ಮಡಿಲಲ್ಲಿ ಅವರೆಕಾಯಿ ಚೀಲ. ನಾನು ಗೀಚುವುದನ್ನೇ ಬಹಳ ಹೊತ್ತು ನೋಡಿದರು.

“ಯಾಕವ್ವ ಮಕ್ಕಳು ಬರ್ದಿರೋದ್ನ ಹಂಗ್ ಒಡಿತಾ ಇದ್ದೀಯ?”

“ತಪ್ಪು ಬರೆದಿದ್ದಾರೆ ಅಜ್ಜಿ.”

“ತಪ್ಪಾದ್ರೇನವ್ವ, ಕೈ ನೋವು ಬಂದಿರಾಕಿಲ್ವ? ಎಷ್ಟ್ ಕೊಟ್ಟೆ?”

“ಒಂಬತ್ತು.”

“ಒಸಿ ಹಾಕವ್ವ, ನಿನ್ ಗಂಟೇನ್ ಹೋಗ್ತದೆ?”

ಹತ್ತು ಮಾಡಿದೆ. ಅಜ್ಜಿ ಬಿಡಲಿಲ್ಲ, ಹನ್ನೊಂದಾಯಿತು. ಹಾಗೆ ನಾಲ್ಕು ಪ್ರಬಂಧಗಳಿಗೆ ವಶೀಲಿ ಮಾಡಿದರು. ತಮ್ಮ ಸ್ಟಾಪು ಬಂದಾಗ ಚೀಲ ಎತ್ತಿಕೊಂಡು ಎದ್ದವರು, ಬಾಗಿಲ ತನಕ ಹೋಗಿ ತಿರುಗಿ, ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದರು: “ನಾನ್ ಇಳುದ್ ಮೇಲೆ ಕಮ್ಮಿ ಮಾಡ್ಬುಟ್ಟೀಯ, ಉಸಾರು!”

ಆ ಅಜ್ಜಿ ದಿನಾ ಪಕ್ಕದಲ್ಲಿ ಕೂತಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ತಳಕ್ಕೆ ಕೈ

‘ನಾನು ಯಾರಿಗೆ ಕೃತಜ್ಞತೆ ಹೇಳಬೇಕು’ ಅಂತ ವಿಷಯ ಕೊಟ್ಟ ವಾರ ಅದು. ಅಮ್ಮ, ಅಪ್ಪ, ಗುರುಗಳು, ಸೈನಿಕರು. ತಿದ್ದಿ ತಿದ್ದಿ ಸುಸ್ತಾಗಿತ್ತು. ತಿಪ್ಪಸಂದ್ರದ ಕಡೆಯಿಂದ ಬರುವ, ಬಾಗಿಲ ಪಕ್ಕ ಕೂರುವ, ಬಾಯೇ ಬಿಡದ ಒಬ್ಬ ಹುಡುಗಿಯ ಪ್ರಬಂಧ ಕೈಗೆ ಬಂತು. ನಾಲ್ಕು ಪುಟ. ಮೊದಲ ಸಾಲೇ ‘ಕೃತಜ್ಞತೆಯು ಮಾನವನ ಶ್ರೇಷ್ಠ ಗುಣಗಳಲ್ಲಿ ಒಂದಾಗಿದೆ.’ ಅದು ಗೈಡಿನದೆಂದು ನನಗೆ ಕಣ್ಣು ಮುಚ್ಚಿದರೂ ಗೊತ್ತು. ಮೊದಲ ಪುಟದ ಕೆಳಗೆ ‘ಸ್ವಂತದ್ದು ಬರೆ’ ಅಂತ ಗೀಚಿ, ಇಪ್ಪತ್ತಕ್ಕೆ ಆರು ಹಾಕಿ, ಮುಂದಿನದಕ್ಕೆ ಕೈ ಹಾಕಿದೆ.

ಮಾರನೇ ವಾರ ಹುಡುಗಿ ಕಾಲೇಜಿಗೆ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಒಂದು ಬೆಳಗ್ಗೆ ರಾಮನಗರದ ರೇಷ್ಮೆ ಗೂಡಿನ ಮಾರ್ಕೆಟ್ಟಿನ ಮುಂದೆ ಬಸ್‌ಸ್ಟ್ಯಾಂಡಿಗೆ ನಡೆದು ಹೋಗುತ್ತಿದ್ದೆ. ಟವಲ್ಲು ಹೆಗಲಿಗೆ ಹಾಕಿದ್ದ ಒಬ್ಬರು ಅಡ್ಡ ಬಂದರು.

“ಮಾಗಡಿ ಕಾಲೇಜಿನ ಕನ್ನಡ ಮೇಡಂನೋರಲ್ವ? ನೀಲಿ ಬ್ಯಾಗು, ಕೆಂಪು ಪೆನ್ನು ಅಂತ ನಮ್ ಮಗಳು ಹೇಳಿದ್ಲು.”

ಆ ಹುಡುಗಿಯ ಅಪ್ಪ. ಗೂಡು ಮಾರಲು ಬಂದಿದ್ದವರು ಅಂಗಿ ಜೇಬಿನಿಂದ ಮಡಚಿದ ಪ್ರಬಂಧ ತೆಗೆದರು.

“ಸ್ವಂತದ್ದು ಬರುದ್ರೂ ಸ್ವಂತದ್ದು ಬರಿ ಅಂತಾರೆ, ನಂಗ್ ಬರಿಯಾಕೇ ಬರಾಕಿಲ್ಲ, ಇನ್ ಕಾಲೇಜು ಬ್ಯಾಡ ಅಂತ ಕುಂತ್ಬುಟ್ಟವ್ಳೆ ಮೇಡಂ. ನಂಗ್ ಓದಾಕ್ ಬರಾಕಿಲ್ಲ. ಆದ್ರೂ ಒಂದ್ ಕೇಳ್ತೀನಿ. ನಾಕ್ ಹಾಳೇಲಿ ಒಂದ್ರಲ್ ಮಾತ್ರ ಕೆಂಪು ಐತಲ್ಲ, ಮಿಕ್ಕಿದ್ ಮೂರು ಅಷ್ಟು ಚೆಂದಾಗಿದ್ವಾ?”

ಇಷ್ಟು ವರ್ಷದಲ್ಲಿ ಯಾವ ಪ್ರಿನ್ಸಿಪಾಲರೂ ಹಿಡಿಯದ ಕಳ್ಳತನವನ್ನು ಓದಲು ಬರದವರು ಹಿಡಿದಿದ್ದರು.

ಅವರು ಜಗಳಕ್ಕೆ ಬಂದಿರಲಿಲ್ಲ. “ಒಸಿ ಬನ್ನಿ” ಅಂತ ಒಳಗೆ ಕರೆದುಕೊಂಡು ಹೋದರು. ಅವರ ಗೂಡಿನ ರಾಶಿಯ ಮುಂದೆ ಒಬ್ಬ ಖರೀದಿದಾರ ನಿಂತಿದ್ದ. ಮೇಲಿನ ಗೂಡನ್ನು ಮುಟ್ಟಲೂ ಇಲ್ಲ. ಮೊಣಕೈ ತನಕ ರಾಶಿಯೊಳಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆದು ನೋಡಿದ.

“ನೋಡುದ್ರಾ? ಎಲ್ರೂ ಒಳ್ಳೇವ್ನ ಮೇಲಿಕ್ತಾರೆ, ಅದ್ಕೇ ಅವ್ನು ತಳಕ್ಕೆ ಕೈ ಹಾಕ್ತಾನೆ. ನನ್ ಮಗಳು ದಡ್ಡಿ. ಒಳ್ಳೇದ್ನ ತಳಕ್ ಹಾಕವ್ಳೋ ಏನೋ. ನೀವೂ ಒಂದ್ಸಲ ಕೈ ಹಾಕಿ ನೋಡಿ ಮೇಡಂ.”

ಹೊರಗಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಎರಡನೇ ಪುಟ ತಿರುವಿ, ಅವರಿಗೂ ಕೇಳಲಿ ಅಂತ ಗಟ್ಟಿಯಾಗಿ ಓದಿದೆ.

‘ನಾನು ರೇಷ್ಮೆ ಹುಳಗಳಿಗೆ ಕೃತಜ್ಞತೆ ಹೇಳಬೇಕು. ಪಿಯುಸಿ ಮುಗಿದ ವರ್ಷ ನಮ್ಮ ದೊಡ್ಡಪ್ಪ ನನಗೊಂದು ಸಂಬಂಧ ತಂದರು. ಹುಡುಗನ ಕಡೆಯವರು ನೋಡಲು ಬಂದ ದಿನ ನಮ್ಮ ಹುಳ ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದು ಸೊಪ್ಪು ತಿನ್ನುತ್ತಿದ್ದವು. ಆಗ ಮನೆಯಲ್ಲಿ ಊದುಬತ್ತಿಯನ್ನೂ ಹಚ್ಚುವುದಿಲ್ಲ, ವಾಸನೆಗೆ ಹುಳ ಸಾಯುತ್ತವೆ. ಹುಡುಗ ಬಾಗಿಲಿಗೆ ಬಂದಾಗ ಮೈಯೆಲ್ಲ ಸೆಂಟು ಘಮಘಮ ಅನ್ನುತ್ತಿತ್ತು. ನಮ್ಮಪ್ಪ ಅಡ್ಡ ನಿಂತು, ಒಳಗೆ ಬಿಡುವುದೇ ಇಲ್ಲ ಅಂದರು. ಅವರು ಸಿಟ್ಟು ಮಾಡಿಕೊಂಡು ಹಾಗೇ ಹೊರಟುಹೋದರು. ಹುಳಕ್ಕೆ ಮೂಗು ಚುರುಕಾಗಿದ್ದರಿಂದ ನಾನು ಕಾಲೇಜಿಗೆ ಬಂದೆ.’

ನಗು ತಡೆಯಲಾಗದೆ ನನ್ನ ಟೀ ಚೆಲ್ಲಿತು. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಇಂಥದ್ದನ್ನು ಓದದೆ ಆರು ಕೊಟ್ಟಿದ್ದೆನಲ್ಲ! ನಾಚಿಕೆಯಾಯಿತು. ‘ಆರು’ ಹೊಡೆದು ಹಾಕಿ ಇಪ್ಪತ್ತು ಬರೆಯಲು ಪೆನ್ನು ತೆಗೆದೆ. ಅಪ್ಪ ಮಾತ್ರ ನಗಲಿಲ್ಲ. ಟವಲ್ಲಿನಿಂದ ಮುಖ ಒರೆಸಿಕೊಂಡರು. ಅತ್ತಿತ್ತ ನೋಡಿದರು.

“ಮೇಡಂ, ಒಂದ್ ಮಾತು. ಅವಳ್ಗೆ ಹೇಳ್ಬ್ಯಾಡಿ. ಆ ಹುಡುಗ ಸೆಂಟು ಹಾಕ್ಕಂಡಿರ್ಲಿಲ್ಲ.”

“ಮತ್ತೆ?”

“ಅಣ್ಣ ತಂದ ಸಂಬಂಧ, ಬ್ಯಾಡ ಅನ್ನಂಗಿರ್ಲಿಲ್ಲ. ಮಗಳು ಓದ್ಬೇಕು ಅಂತ ನಂಗಾಸೆ. ಅದ್ಕೆ ಇಲ್ಲೇ ರಾಮನಗರದಾಗೆ ಒಂದು ಅತ್ತರ್ ಬಾಟ್ಲು ತಗಂಡಿದ್ದೆ. ನಮ್ಮೂರ್ ಬಸ್‌ಸ್ಟ್ಯಾಂಡಿಂದ ಕರ್ಕಂಬರಾಕ್ ಹೋದಾಗ, ಬನ್ನಿ ಬನ್ನಿ ಅಂತ ಮರ್ಯಾದೆ ಮಾಡ್ದಂಗೆ ನಾನೇ ಆ ಹುಡುಗನ್ ಮೇಲೆ ಸುರುದ್ಬುಟ್ಟೆ.”

ಹೇಳುವುದಿಲ್ಲ ಅಂತ ಮಾತು ಕೊಟ್ಟು, ಆ ಬೆಂಚಿನ ಮೇಲೇ ಅವರಿಗೆ ಕೈ ಮುಗಿದೆ. ತಿದ್ದುವುದನ್ನು ನನಗೆ ಸರಿಯಾಗಿ ಕಲಿಸಿದವರು ಅವರೇ, ಇವತ್ತಿಗೂ ಕೊನೆಯ ಪುಟದಿಂದಲೇ ಶುರು ಮಾಡುತ್ತೇನೆ.

ಎರಡು ದಿನಕ್ಕೆ ಹುಡುಗಿ ಕ್ಲಾಸಿಗೆ ಬಂದಳು. ಎಲ್ಲರೆದುರು ಅವಳ ಕ್ಷಮೆ ಕೇಳಿ, ಪ್ರಬಂಧ ವಾಪಸ್ಸು ಕೊಟ್ಟೆ. ಇಪ್ಪತ್ತಕ್ಕೆ ಹತ್ತೊಂಬತ್ತು. ವರ್ಷದಲ್ಲಿ ಮೊದಲ ಸಲ ಬಾಯಿ ಬಿಟ್ಟಳು.

“ಒಂದು ಮಾರ್ಕ್ಸ್ ಯಾಕೆ ಮೇಡಂ ಕಟ್?”

ಅಪ್ಪನಿಗೆ ಮಾತು ಕೊಟ್ಟಿದ್ದೆನಲ್ಲ. “ಥ್ಯಾಂಕ್ಸ್ ಹೇಳಬೇಕಾದ ಮುಖ್ಯವಾದ ಒಬ್ಬರನ್ನ ಬಿಟ್ಟಿದ್ದೀಯಮ್ಮ. ನೀನೇ ಯೋಚನೆ ಮಾಡು” ಅಂದೆ.

ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಹೊಳೆದವಳಂತೆ ಮುಖ ಅರಳಿಸಿ ಹೇಳಿದಳು: “ಹೌದು ಮೇಡಂ, ಮರ್ತೇಬಿಟ್ಟೆ! ಅಷ್ಟೊಂದು ಸೆಂಟು ಹಾಕ್ಕೊಂಡು ಬಂದ್ನಲ್ಲ, ಪಾಪ, ಆ ಹುಡುಗ!”