ಸಾಹುಕಾರರ ವೆಬ್‌ಸೈಟಿಗೆ ಬಂದವರು

ಒಬ್ಬ ಮನುಷ್ಯ ತನ್ನನ್ನು ತಾನೇ ಸೋಲಿಸಿಕೊಳ್ಳುವುದಕ್ಕೂ ಒಂದು ಮಿತಿ ಇರಬೇಕು. ಕನ್ನಡಕದ ಸಾಹುಕಾರರು ಆ ಮಿತಿಯನ್ನು ಎಂದೋ ದಾಟಿದ್ದರು. (ಸಾಹುಕಾರರು ಎನ್ನುವುದು ಬೀದಿಯವರ ಔದಾರ್ಯ, ಇದ್ದದ್ದು ಕನ್ನಡಕದ ಒಂದು ಪುಟ್ಟ ಅಂಗಡಿ.) ಪಕ್ಕದ ಔಷಧಿ ಅಂಗಡಿಯವರು ಇರುವತನಕ ಸಂಜೆಯಾದರೆ ಚದುರಂಗ. ಅವರು ಅಂಗಡಿ ಮಾರಿ ಊರು ಬಿಟ್ಟ ಮೇಲೆ ಸಾಹುಕಾರರು ಬಿಳಿಯ ಕಾಯಿ ನಡೆಸಿ, ಎದ್ದು ಮೇಜು ಸುತ್ತಿ ಬಂದು, ಕರಿಯ ಕಾಯಿಯನ್ನೂ ತಾವೇ ನಡೆಸುತ್ತಿದ್ದರು. ಹೆಂಡತಿ ನರ್ಸು, ಸಂಜೆಯ ಪಾಳಿ. ಮನೆಯಲ್ಲಿ ಸದ್ದು ಮಾಡಲು ಫ್ರಿಜ್ಜೊಂದೇ ಉಳಿದಿತ್ತು.

"ರೀ, ಬಾಗಿಲಾಚೆ ಕೇಳಿಸ್ತು. ಒಬ್ರೇ ಮಾತಾಡ್ತಿದ್ರಿ," ಎಂದರು ಹೆಂಡತಿ ಒಂದು ದಿನ.

"ಮಾತಲ್ಲ ಕಣೇ, ಎದುರಾಳಿಗೆ ಎಚ್ಚರಿಕೆ ಕೊಡ್ತಿದ್ದೆ."

"ಎಲ್ಲಿದಾನೆ ಎದುರಾಳಿ?"

"ಅದೇ ನನ್ನ ಗೋಳು!"

ಆ ಗೋಳಿನಿಂದಲೇ ಮಹಾಸಂಕಲ್ಪ ಹುಟ್ಟಿತು: ಒಂದು ವೆಬ್‌ಸೈಟು ಕಟ್ಟಿ ಚದುರಂಗ ಬಲ್ಲವರನ್ನೆಲ್ಲ ಆಹ್ವಾನಿಸುವುದು. ವಿಡಿಯೋ ನೋಡಿ ನೋಡಿ ಕಲಿತರು. ಪುಕ್ಕಟೆ ಸಿಕ್ಕ ಯಾರದೋ ಮಾದರಿ ಪುಟವನ್ನು ಇಳಿಸಿಕೊಂಡರು. ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಆಜ್ಞೆ ಕೊಟ್ಟದ್ದೇ ತಡ, ಕರೆಯದ ನೆಂಟರಂತೆ ಸಾವಿರಾರು ಫೈಲುಗಳು ಬಂದು ಠಿಕಾಣಿ ಹೂಡಿದವು. ಒಂದು ಅರ್ಧವಿರಾಮ ತಪ್ಪಿದರೆ ಪರದೆಯ ತುಂಬ ಕೆಂಪು ಬೈಗುಳ. ಅಷ್ಟಾದರೂ ಮಾತಾಡಿಸುತ್ತದಲ್ಲ ಎಂದು ಸಾಹುಕಾರರಿಗೆ ಒಳಗೊಳಗೇ ಸಮಾಧಾನ.

ಕೊನೆಗೂ ಪುಟ ಮೂಡಿತು. ಚದುರಂಗದ ಹಾಸಿನ ಚಿತ್ರ, 'ಬನ್ನಿ, ಒಂದು ಆಟ ಆಡೋಣ' ಎಂಬ ಅಕ್ಷರ, ಕೆಳಗೆ ಮನೆಯ ಫೋನ್ ನಂಬರು. ಪುಟದ ವಿಳಾಸವನ್ನು ಕ್ಷೌರದವನಿಗೆ ಕೊಟ್ಟರು, ಬೇಕರಿಯವನಿಗೆ ಕೊಟ್ಟರು. ಮರುದಿನ ಇಬ್ಬರದೂ ಒಂದೇ ಮಾತು: "ಏನೂ ತೆರ್ಕೊಳ್ಳಲ್ಲ ಸಾಹುಕಾರ್ರೇ."

ಅದು ತಮ್ಮ ಕಂಪ್ಯೂಟರಿನೊಳಗಷ್ಟೇ ತೆರೆಯುವ ವಿಳಾಸ ಎಂದು ಸಾಹುಕಾರರಿಗೆ ಆಮೇಲೆ ತಿಳಿಯಿತು. ಲೋಕಕ್ಕೆಲ್ಲ ಆಹ್ವಾನ ಬರೆದು ತಮ್ಮ ಕೋಣೆಯ ಗೋಡೆಗೇ ಅಂಟಿಸಿಕೊಂಡಂತಾಗಿತ್ತು. ಮತ್ತೆ ವಿಡಿಯೋ ನೋಡಿ, ಫೈಲುಗಳನ್ನು ಗಂಟು ಕಟ್ಟಿ, ಅಂತರ್ಜಾಲಕ್ಕೆ ಏರಿಸಿ, ವಿಧ್ಯುಕ್ತವಾಗಿ ಪ್ರಕಟಿಸಿದರು. ಕಾಯಿಗಳನ್ನು ಒರೆಸಿ ಜೋಡಿಸಿದರು. ಎದುರಿನ ಕುರ್ಚಿಗೊಂದು ದಿಂಬು ಇಟ್ಟರು.

ಹಲವು ದಿನ ಫ್ರಿಜ್ಜೇ ಗತಿ. ಆಮೇಲೊಂದು ಸಂಜೆ ಫೋನು ಹೊಡೆದುಕೊಂಡಿತು.

"ಸಾರ್, ನಿಮ್ಮ ವೆಬ್‌ಸೈಟ್ ನೋಡ್ದೆ," ಹೆಂಗಸಿನ ದನಿ. "ಪೂರ್ತಿ ಕಟ್ಕೊಂಡ್ಬಿಟ್ಟಿದೆ!"

"ಗಾಬರಿ ಆಗ್ಬೇಡಿ ತಾಯಿ. ಯಾವ ಕಡೆ ಕಟ್ಕೊಂಡಿದೆ? ರಾಜನ ಕಡೇನೋ, ರಾಣಿ ಕಡೇನೋ?"

"ನಮ್ಮತ್ತೆ ರೂಮಿನ ಕಡೆ."

"ಹಿಂದಕ್ಕೆ ಬರೋಕೆ ಜಾಗ ಇದೆಯಾ?"

"ಹಿಂದಕ್ಕೇ ಬರ್ತಿರೋದು ಸಾರ್! ಕಾಲಿಡೋ ಹಾಗಿಲ್ಲ."

"ಹಾಗಿದ್ರೆ ಮೊದಲು ಕುದುರೆ ಹೊರಗೆ ತೆಗೀರಿ."

"ಬಚ್ಚಲಲ್ಲಿ ಎಲ್ಲಿಂದ ಬರುತ್ತೆ ಸಾರ್ ಕುದುರೆ? ನೀವು ಪೈಪ್ ರಿಪೇರಿಯವ್ರು ತಾನೆ?"

ಪುಕ್ಕಟೆ ಮಾದರಿ ಪೈಪು ರಿಪೇರಿಯವರದಾಗಿತ್ತು. ಪುಟದೊಳಗಿನದನ್ನೆಲ್ಲ ಬದಲಿಸಿದ್ದ ಸಾಹುಕಾರರು, ಅಂತರ್ಜಾಲದಲ್ಲಿ ಹುಡುಕುವವರಿಗೆ ಫೋನ್ ನಂಬರಿನೊಡನೆ ಮೊದಲು ಕಾಣುವ ತಲೆಬರಹವನ್ನು ಮಾತ್ರ ಹಾಗೇ ಬಿಟ್ಟಿದ್ದರು: 'ಬಚ್ಚಲು, ನಲ್ಲಿ, ಪೈಪು ರಿಪೇರಿ. ಕರೆದರೆ ಓಡಿ ಬರುತ್ತೇವೆ.' ಬೀದಿಯವರ ಕಣ್ಣೆಲ್ಲ ಪರೀಕ್ಷಿಸುವವರಿಗೆ ಸ್ವಂತ ಪುಟದ ನೆತ್ತಿ ಕಂಡಿರಲಿಲ್ಲ.

ಕೂಡಲೇ ತಿದ್ದಿ ಮತ್ತೆ ಪ್ರಕಟಿಸಿದರು. ಆದರೆ ಹುಡುಕುವ ಯಂತ್ರಕ್ಕೆ ಹಳೆಯದೇ ಬಾಯಿಪಾಠವಾಗಿತ್ತು. ಕರೆಗಳು ನಿಲ್ಲಲಿಲ್ಲ. ಸೋರುವ ನಲ್ಲಿಯವರು, ಉಕ್ಕುವ ಮೋರಿಯವರು, ಬರದಿದ್ದಕ್ಕೆ ಜಗಳ ತೆಗೆಯುವವರು. ಸಾಹುಕಾರರ ತಾಳ್ಮೆಯೂ ಸೋರತೊಡಗಿತು.

ಹೆಂಡತಿಗೆ ರಜೆಯಿದ್ದ ಒಂದು ಸಂಜೆ ಮತ್ತೆ ಫೋನು.

"ನಮಸ್ಕಾರ, ನಿಮ್ಮ ವೆಬ್‌ಸೈಟ್ ನೋಡ್ದೆ," ಎಂದಿತು ಸಂಕೋಚದ ಗಂಡಸಿನ ದನಿ. "ನಾನೇ ನಿಮ್ಮನೆಗೆ ಬರಬಹುದಾ?"

"ಬಚ್ಚಲು ಹೊತ್ಕೊಂಡು ಬರ್ತೀರೇನ್ರೀ? ಇಡ್ರೀ ಫೋನು!" ಎಂದು ರಿಸೀವರ್ ಕುಕ್ಕಿದರು.

ಬಟ್ಟೆ ಮಡಚುತ್ತಿದ್ದ ಹೆಂಡತಿ ತಲೆಯೆತ್ತಿದರು. "ರೀ, ಪೈಪು ಕೆಟ್ಟೋರು ನಮ್ಮನೆಗೆ ಯಾಕೆ ಬರ್ತಾರೆ?"

ಕರೆದದ್ದು ಚದುರಂಗಕ್ಕೆ ಎಂದು ಹೊಳೆದದ್ದೇ ಸಾಹುಕಾರರು ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅದು ಹಳೇ ಕಾಲದ ಫೋನು. ಕರೆದವರು ಯಾರೆಂದು ತೋರಿಸುವ ಕಿಟಕಿ ಅದಕ್ಕಿರಲಿಲ್ಲ.

"ಪಾಪ, ಹೆದರಿ ಹೆದರಿ ಕೇಳ್ದ ಕಣೇ," ಎಂದರು.

"ಮತ್ತೆ ಮಾಡ್ತಾನೆ ಬಿಡಿ," ಎಂದರು ಹೆಂಡತಿ. ಆ ದನಿಯಲ್ಲಿ ನಂಬಿಕೆಗಿಂತ ಮರುಕವೇ ಹೆಚ್ಚಿತ್ತು.

ಮರುದಿನ ಹೆಂಡತಿ ಕೆಲಸಕ್ಕೆ ಹೋದರು. ಸಾಹುಕಾರರು ಅಂಗಡಿಯನ್ನು ಬೇಗ ಮುಚ್ಚಿ ಬಂದು, ಫೋನನ್ನು ಹಾಸಿನ ಪಕ್ಕಕ್ಕೇ ಎಳೆದುಕೊಂಡು ಕೂತರು. ಹೊರಗೆ ಬೀದಿದೀಪ ಹತ್ತಿತು. ಫೋನು ಹೊಡೆದುಕೊಂಡಿದ್ದೇ ಎರಡೂ ಕೈಯಲ್ಲಿ ಎತ್ತಿಕೊಂಡರು.

"ನಮಸ್ಕಾರ, ನಮಸ್ಕಾರ! ನಿನ್ನೇದು ಮರೆತ್ಬಿಡಿ. ಬನ್ನಿ, ಧಾರಾಳವಾಗಿ ಬನ್ನಿ!"

"ನಾನೆಲ್ಲಿಗೆ ಬರ್ಲಿ ಸ್ವಾಮಿ?" ಎಂದಿತು ಗಡುಸು ದನಿ. "ನೀವು ಬನ್ನಿ. ಕಕ್ಕಸು ಕಟ್ಕೊಂಡಿದೆ."

ಸಾಹುಕಾರರು ಎದುರಿನ ಕುರ್ಚಿಯನ್ನು ನೋಡಿದರು. ಫೋನು ಇಡಲು ಮನಸ್ಸಾಗಲಿಲ್ಲ.

"ಅದಿರಲಿ ಸ್ವಾಮಿ," ಎಂದರು, "ನಿಮಗೆ ಚದುರಂಗ ಬರುತ್ತಾ?"