ಅಪ್ಪನ ಕೋವಿಗೆ ನಲವತ್ತೈದು ದಿನ

ತವರಿನಿಂದ ಹೆಣ್ಣುಮಕ್ಕಳು ಏನೇನನ್ನೋ ಬಯಸುತ್ತಾರೆ. ಅಮ್ಮನ ಸರ, ಕಂಚಿನ ಪಾತ್ರೆ, ಕಡೇಪಕ್ಷ ಒಂದು ಹಳೆಯ ಸೀರೆ. ನಾನು ಬಯಸಿದ್ದು ಕೋವಿ. ಇದನ್ನು ಹೇಳಿಕೊಳ್ಳಲು ನನಗೆ ಈಗಲೂ ಸಂಕೋಚವೇ. ಏಕೆಂದರೆ ನಾನು ಆಗ ಕುಮಟೆಯ ಕನ್ನಡ ಶಾಲೆಯಲ್ಲಿ ಅಕ್ಕೋರು. ಎರಡನೇ ಇಯತ್ತೆಯ ಮಕ್ಕಳಿಗೆ ಇರುವೆಯನ್ನೂ ಕೊಲ್ಲಬಾರದು ಎಂದು ಪಾಠ ಮಾಡುವವಳು, ಮನೆಗೆ ಬಂದು ಜಿರಲೆ ಕಂಡರೆ ಮಂಚ ಹತ್ತುವವಳು. ಇಂಥವಳಿಗೆ ಕೋವಿ ಯಾಕೆ ಎಂದು ನೀವು ಕೇಳಬಹುದು. ನೀವೊಬ್ಬರೇ ಅಲ್ಲ, ಸರಕಾರವೂ ಕೇಳಿತು.

ಅದು ಅಪ್ಪನ ಕೇಪಿನ ಕೋವಿ. ಮಾವಳ್ಳಿಯ ನಮ್ಮ ಗದ್ದೆಗೆ ಗುಡ್ಡದಿಂದ ಹಂದಿ ಇಳಿಯುತ್ತಿದ್ದವೆಂದು ಬೆಳೆ ಕಾಯಲು ಅಪ್ಪನಿಗೆ ಲೈಸನ್ಸು ಕೊಟ್ಟಿದ್ದರು. ಭತ್ತ ತೆನೆಗಟ್ಟಿದ ಮೇಲೆ ದಿನಾ ಮುಸ್ಸಂಜೆಗೆ ಗದ್ದೆಯಂಚಿಗೆ ಹೋಗಿ ಒಂದು ಈಡು ಹಾರಿಸಿ, ಮದ್ದಿನ ಹೊಗೆಯ ವಾಸನೆಯಲ್ಲೇ ಊಟಕ್ಕೆ ಕೂರುತ್ತಿದ್ದ. ಈಡು ಹಂದಿಗೆ ತಾಗಿದ್ದನ್ನು ನಾನಂತೂ ಕಾಣೆ. ನಮ್ಮ ಮನೆಯ ತೆಂಗಿನೆಣ್ಣೆ ಅಮ್ಮನ ತಲೆಗಿಂತ ಕೋವಿಯ ನಳಿಗೆಗೇ ಹೆಚ್ಚು ಖರ್ಚಾಗುತ್ತಿತ್ತು. ನನಗೆ ಮುಟ್ಟಲು ಬಿಡುತ್ತಿರಲಿಲ್ಲ. "ಹೆಣ್ಮಕ್ಕಳ ಕೈ ತಾಗಿದ್ರೆ ಗುರಿ ತಪ್ತದೆ" ಎನ್ನುತ್ತಿದ್ದ. ನಾನು ಮುಟ್ಟದಿದ್ದಾಗಲೂ ಅದು ತಪ್ಪುತ್ತಲೇ ಇತ್ತಲ್ಲ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಇನ್ನು ಚುನಾವಣೆ ಬಂತೆಂದರೆ ಅಪ್ಪನಿಗೆ ಸೂತಕ. ಆಗ ಊರಿನ ಕೋವಿಗಳನ್ನೆಲ್ಲ ಠಾಣೆಯಲ್ಲಿ ಜಮಾ ಮಾಡಬೇಕು. ಬರಿಗೈಯಲ್ಲಿ ಮನೆಗೆ ಬಂದು ಜಗಲಿಯ ಗೋಡೆಯ ಖಾಲಿ ಗೂಟ ನೋಡುತ್ತ ಕೂರುತ್ತಿದ್ದ. ಯಾವ ಪಕ್ಷಕ್ಕೆ ಮತ ಎಂದು ಯಾರಾದರೂ ಕೇಳಿದರೆ, "ಇನ್ನು ಚುನಾವಣೆಯೇ ಬ್ಯಾಡ ಹೇಳುವವನಿಗೆ" ಎಂದು ಸಿಡುಕುತ್ತಿದ್ದ.

ಆ ಅಪ್ಪ ಒಂದು ಬೇಸಿಗೆಯಲ್ಲಿ ತೀರಿಕೊಂಡ. ಅಮ್ಮ ಮೊದಲೇ ಹೋಗಿದ್ದಳು, ನಾನೊಬ್ಬಳೇ ಮಗಳು. ಹನ್ನೆರಡನೇ ದಿನದ ಊಟ ಮುಗಿದ ಮರುದಿನ ಠಾಣೆಯ ಹವಾಲ್ದಾರರು ಬಂದರು. ಒಳ್ಳೆಯ ಮನುಷ್ಯ. ಚಪ್ಪಲಿ ಕಳಚಿಟ್ಟು ಜಗಲಿಯಲ್ಲಿ ಕೂತು, ಚಾ ಕುಡಿದು, ಅಪ್ಪನ ಗುಣಗಾನ ಮಾಡಿ, ಕೊನೆಗೆ ಮೆಲ್ಲಗೆ, "ಲೈಸನ್ಸ್ ಇದ್ದವರು ಹೋದ ಮೇಲೆ ಕೋವಿ ಮನೇಲಿ ಇಟ್ಕೊಳ್ಳೂಕೆ ಆಗೂದಿಲ್ಲ ಅಕ್ಕೋರೆ. ಎಂತ ಮಾಡೂದು, ಕಾಯ್ದೆ" ಎಂದರು. ಪಾವತಿ ಚೀಟಿ ಬರೆದುಕೊಟ್ಟು ಕೋವಿ ಒಯ್ದರು. ಅಪ್ಪನನ್ನು ಎತ್ತಿಕೊಂಡು ಹೋದ ದಿನ ನೆಂಟರ ಗಲಾಟೆಯಲ್ಲಿ ನನಗೆ ಸರಿಯಾಗಿ ಅಳಲೂ ಆಗಿರಲಿಲ್ಲ. ಕೋವಿ ಹೋದ ದಿನ ಆ ಖಾಲಿ ಗೂಟ ನೋಡಿ ಅತ್ತುಬಿಟ್ಟೆ.

ಕುಮಟೆಗೆ ಬಂದವಳೇ ಲೈಸನ್ಸಿಗೆ ಅರ್ಜಿ ಗೀಚಿದೆ. ಕೋವಿ ಯಾವ ಕಾರಣಕ್ಕೆ ಬೇಕು ಎಂಬಲ್ಲಿ, ಸುಳ್ಳು ಬರೆದು ಅಭ್ಯಾಸವಿಲ್ಲದ್ದರಿಂದ, 'ಅಪ್ಪನ ನೆನಪಿಗಾಗಿ' ಎಂದು ದುಂಡಾಗಿ ಬರೆದೆ. ಕಚೇರಿಯ ಗುಮಾಸ್ತರು ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು. "ಅಕ್ಕೋರೆ, ನೆನಪಿಗೆ ಫೋಟೊ ಇಟ್ಕೊಳ್ಳಿ. ಕೋವಿ ಕೊಡೂಕೆ ಅಂಥ ಕಲಮು ಕಾಯ್ದೆಲಿ ಇಲ್ಲ." ನಾನು ಅಲ್ಲೇ ಹೊಡೆದುಹಾಕಿ 'ಬೆಳೆ ರಕ್ಷಣೆಗಾಗಿ' ಎಂದು ಬರೆದೆ. ಅವರಿಗೆ ಈಗ ನಗು ತಡೆಯಲಾಗಲಿಲ್ಲ. "ಗದ್ದೆ ಮಾವಳ್ಳೀಲಿ, ನೀವು ಕುಮಟೇಲಿ. ಇಲ್ಲಿಂದ ಹೊಡೆದ್ರೆ ಗುಂಡು ಹೊನ್ನಾವರದ ಹೊಳೆ ದಾಟೂದಿಲ್ಲ." ಆಮೇಲೆ ಪಾಪ, ಅವರೇ ದಾರಿ ಹೇಳಿದರು. ಲೈಸನ್ಸಿರುವ ಯಾರಿಗಾದರೂ ಕೋವಿಯನ್ನು ಕೊಟ್ಟುಬಿಡಬಹುದು. ಆದರೆ ಕೈಯಿಂದ ಕೈಗೆ ಕೊಡುವಂತಿಲ್ಲ. ಇಂಥವರಿಗೆ ಕೊಡುತ್ತೇನೆಂದು ಮೊದಲು ಠಾಣೆಗೆ ಬರೆದು ತಿಳಿಸಬೇಕು, ತಿಳಿಸಿ ನಲವತ್ತೈದು ದಿನ ಕಾಯಬೇಕು, ಮೇಲಿನಿಂದ ಬೇಡವೆಂಬ ಆರ್ಡರು ಬಾರದಿದ್ದರೆ ಕೊಡಬೇಕು. ನನ್ನ ಮದುವೆಯನ್ನು ನಮ್ಮಪ್ಪ ಎಂಟು ದಿನದಲ್ಲಿ ಗೊತ್ತುಮಾಡಿ ಮುಗಿಸಿದ್ದ. ನನ್ನ ವಿಷಯದಲ್ಲಿ ಇಷ್ಟು ವಿಚಾರಣೆ ಯಾರೂ ಮಾಡಿರಲಿಲ್ಲ.

ಕೊಡುವುದಾದರೆ ನಾಗಪ್ಪಣ್ಣನಿಗೆ. ಪಕ್ಕದ ಗದ್ದೆಯವನು, ಅಪ್ಪನ ಜೊತೆ ದಿನಾ ಜಗಳವಾಡಿ ದಿನಾ ಒಟ್ಟಿಗೆ ಎಲೆಯಡಿಕೆಯ ಕವಳ ಹಾಕುತ್ತಿದ್ದವನು. ಅಪ್ಪ ಹೋದ ಮೇಲೆ ನಮ್ಮ ಗದ್ದೆಯನ್ನೂ ಅವನೇ ನೋಡಿಕೊಳ್ಳುತ್ತಿದ್ದ. ಅವನ ಕೋವಿಯ ನಳಿಗೆ ಒಡೆದು ಹಾಳಾಗಿತ್ತು, ಲೈಸನ್ಸು ಮಾತ್ರ ಗಟ್ಟಿಯಾಗಿತ್ತು. "ಕೊಟ್ಟುಬಿಡು ಮಾರಾಯ್ತಿ" ಎಂದರು ನಮ್ಮನೆಯವರು. "ಈ ಮನೇಲಿ ನಿನ್ನ ಬಾಯಿ ಒಂದು ಸಾಲದಾ, ಕೋವಿ ಬೇರೆ ಯಾಕೆ?" ಬರೆದು ಕಳಿಸಿದೆ. ಬರೆದ ಗಳಿಗೆಯಿಂದಲೇ ಬರೆಯಬಾರದಿತ್ತು ಎನಿಸತೊಡಗಿತು. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕುತ್ತ, ಯಾರಾದರೂ ಪುಣ್ಯಾತ್ಮರು ತಕರಾರು ಎತ್ತಲಿ ಎಂದು ಕಾದೆ. ಮೂವತ್ತು ದಿನವಾದರೂ ಪುಣ್ಯಾತ್ಮರು ಹುಟ್ಟಲಿಲ್ಲ. "ನೀವಾದರೂ ಒಂದು ತಕರಾರು ಅರ್ಜಿ ಕೊಡಿ" ಎಂದು ನಮ್ಮನೆಯವರ ಬೆನ್ನು ಹತ್ತಿದೆ. "ಎಂತ ಅಂತ ಬರೀಲಿ? ನನ್ನ ಹೆಂಡತಿ ಕೋವಿ ಬೇಕು ಅಂತ ಹಟ ಹಿಡಿದಾಳೆ ಅಂತ್ಲ? ಹಾಗೆ ಬರೆದ್ರೆ ಪೊಲೀಸರು ನನ್ನ ರಕ್ಷಣೆಗೆ ಬತ್ತಾರೆ, ಅಷ್ಟೆ." ಆ ನಲವತ್ತೈದು ದಿನವೂ ನಾನು ಅಪ್ಪನನ್ನು ನೆನೆದೆ. ಅವನು ಬದುಕಿದ್ದಾಗ ನಲವತ್ತೈದು ಸಲವೂ ನೆನೆದಿರಲಿಲ್ಲ. ರಜೆ ಹಾಕಿ ಬಾ ಎಂದು ಅವನು ಬರೆಸಿದ ಎಷ್ಟು ಕಾರ್ಡಿಗೆ, ಶಾಲೆ ತಪಾಸಣೆ ಇದೆ, ಬರಲಾಗದು ಎಂದು ಉತ್ತರಿಸಿದ್ದೆನೋ!

ನಲವತ್ತಾರನೇ ದಿನ ಬಸ್ಸು ಹಿಡಿದು ಠಾಣೆಗೆ ಹೋದೆ. ನಾಗಪ್ಪಣ್ಣ ಇಸ್ತ್ರಿಯ ಅಂಗಿ ಹಾಕಿಕೊಂಡು ಮೊದಲೇ ಬಂದು ಕೂತಿದ್ದ. ಹವಾಲ್ದಾರರು ಕೋವಿ ತಂದು ಮೇಜಿನ ಮೇಲಿಟ್ಟು, ಸಹಿಗೆ ಕಾಗದ ಸರಿಸಿದರು. ನಾಗಪ್ಪಣ್ಣ ನನ್ನ ಮುಖ ನೋಡಿದ. "ಒಂದ್ಸಲ ಕೈಯಾಗೆ ಹಿಡ್ಕೊ ತಂಗಿ" ಎಂದ. ನಾನು ಹವಾಲ್ದಾರರ ಕಡೆ ನೋಡಿದೆ. ಅವರು ಎದ್ದು ಕಿಟಕಿಯ ಹತ್ತಿರ ಹೋಗಿ, ಹೊರಗಿನ ಹಲಸಿನ ಮರದಲ್ಲಿ ಕಾಯಿ ಎಷ್ಟಿವೆ ಎಂದು ಎಣಿಸತೊಡಗಿದರು. ಎತ್ತಿಕೊಂಡೆ. ಅಬ್ಬಾ, ಎಂಥ ಭಾರ! ಇದನ್ನು ಹೆಗಲಿಗೇರಿಸಿ ಆ ಸಣಕಲು ಮನುಷ್ಯ ಬದು ಹತ್ತಿ ಇಳಿಯುತ್ತಿದ್ದನೇ? ನಳಿಗೆಯನ್ನು ಮೂಗಿಗೆ ಹಿಡಿದೆ. ತೆಂಗಿನೆಣ್ಣೆ ಇಲ್ಲ, ಮದ್ದಿನ ಹೊಗೆ ಇಲ್ಲ. ತುಕ್ಕು ಹಿಡಿಯದಿರಲೆಂದು ಹವಾಲ್ದಾರರು ಮುತುವರ್ಜಿಯಿಂದ ಚಿಮಣಿ ಎಣ್ಣೆಯಲ್ಲಿ ಒರೆಸಿಟ್ಟಿದ್ದರು. ಅಪ್ಪ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಸಹಿ ಹಾಕಿದೆ. ನಾಗಪ್ಪಣ್ಣ ಕೋವಿಯನ್ನು ಚಾಪೆಯಲ್ಲಿ ಸುತ್ತಿಕೊಂಡು, "ಹಂದಿ ಬಂದ್ರೆ ಈಡು ಹಾರಿಸ್ತೆ. ಸುಮ್‌ಸುಮ್ನೆ ಮದ್ದು ಹಾಳು ಮಾಡೂಕೆ ನಾನೇನು ನಿನ್ನಪ್ಪ ಅಲ್ಲ" ಎಂದು ಹೇಳಿ ಹೊರಟ.

ಅಲ್ಲಿಂದ ನನ್ನ ಹೊಸ ಹುಚ್ಚು ಶುರುವಾಯಿತು. ಅಪ್ಪನ ವಾಸನೆ ಹೋದರೆ ಹೋಗಲಿ, ಸದ್ದಾದರೂ ಮಾವಳ್ಳಿಯ ಗದ್ದೆಯಲ್ಲಿ ಒಮ್ಮೆ ಏಳಲಿ ಎಂಬ ಆಸೆ. ತೆನೆ ಬರುವ ಹೊತ್ತಿಗೆ ನಾಗಪ್ಪಣ್ಣನಿಗೆ ಕಾರ್ಡು ಬರೆದೆ: ಹಂದಿ ಬಂದವೇ? ಅವನು ಯಾರಿಂದಲೋ ಬರೆಸಿದ ಉತ್ತರ ಬಂತು: ದೇವರ ದಯೆಯಿಂದ ಈ ವರ್ಷ ಒಂದೂ ಬಂದಿಲ್ಲ. ನನಗೆ ದೇವರ ಮೇಲೆ ಸಿಟ್ಟೇ ಬಂತು. ಮರುವರ್ಷ ದಿನಾ ಸಂಜೆ ದೀಪ ಹಚ್ಚಿ, ಗಂಡ ಮಕ್ಕಳಿಗೆ ಒಳ್ಳೆಯದು ಮಾಡಪ್ಪ ಎಂಬುದರ ಹಿಂದೆಯೇ, ನಾಗಪ್ಪಣ್ಣನ ಗದ್ದೆಗೆ ನಾಲ್ಕು ಹಂದಿ ಕಳಿಸಪ್ಪ ಎಂದು ಸೇರಿಸತೊಡಗಿದೆ. ಬೆಳೆ ಕಾದವನ ಮಗಳು ಬೇಡುವ ವರವೇ ಇದು? ಆದರೂ ಬೇಡಿದೆ.

ಆ ವರ್ಷ ಕೊಯ್ಲಿಗೆ ಮೊದಲು ಕಾರ್ಡು ಬಂತು. ನಮ್ಮನೆಯವರೇ ಗಟ್ಟಿಯಾಗಿ ಓದಿದರು. ಹಂದಿಯ ಹಿಂಡೇ ಇಳಿದು ಎರಡೂ ಗದ್ದೆ ಅರ್ಧಕ್ಕರ್ಧ ಹಾಳಾಗಿದೆ, ಎರಡು ಈಡು ಹಾರಿಸಿದೆ, ಸದ್ದು ಮಾತ್ರ ಗುಡ್ಡಕ್ಕೆ ಬಡಿದು ಕೇರಿಗೆಲ್ಲ ಕೇಳಿತು, 'ನಿಮ್ಮಪ್ಪನೇ ಎದ್ದು ಬಂದನೋ ಎಂದು ನನ್ನ ಹೆಂಡತಿ ಹೊರಗೆ ಓಡಿಬಂದಳು' ಎಂದಿತ್ತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದೆ. ಅವರು ಓದುವುದನ್ನು ನಿಲ್ಲಿಸಿ, ಮದುವೆಯಾದ ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನನ್ನು ಮೆಚ್ಚುಗೆಯಿಂದ ನೋಡಿದರು. "ನಾಗಪ್ಪಣ್ಣ ಬೆಳೆದದ್ದು ಹಾಳಾದ್ರೆ ಹೀಗೆ ಅಳ್ತೀಯಲ್ಲ, ನಿಂದು ಎಂಥ ಮನಸ್ಸು ಮಾರಾಯ್ತಿ!" ಎಂದರು. ಹೌದೆನ್ನುವಂತೆ ತಲೆಯಾಡಿಸಿ, ಮೂಗು ಒರೆಸಿಕೊಂಡು, ಕಾರ್ಡನ್ನು ಇನ್ನೊಂದು ಸಲ ಓದಿಸಿದೆ.