ಷಡ್ಡಕನ ಇಂಜಿನ್ನೂ ತಾಮ್ರದ ಕಡಾಯಿಗಳೂ

ಹೊಟ್ಟೆಕಿಚ್ಚಿಗೆ ಔಷಧ ಇಲ್ಲ ಎನ್ನುತ್ತಾರೆ. ಇದ್ದಿದ್ದರೆ ವಿಜಾಪುರದ ಪೇಟೆಯಲ್ಲಿ ಹಿತ್ತಾಳೆ-ತಾಮ್ರದ ಭಾಂಡೆ ಅಂಗಡಿ ಇಟ್ಟಿದ್ದ ಶಂಕ್ರೆಪ್ಪ ಅದನ್ನು ಹಂಡೆಗಟ್ಟಲೆ ಕುಡಿದು ಎಂದೋ ಗುಣವಾಗಿರುತ್ತಿದ್ದ. ಯಾಕೆಂದರೆ ಅವನಿಗೊಬ್ಬ ಷಡ್ಡಕನಿದ್ದ.

ಷಡ್ಡಕ ಯಾರಿಗಿರುವುದಿಲ್ಲ? (ಹೆಂಡತಿಗೆ ಅಕ್ಕತಂಗಿಯರಿಲ್ಲದ ಪುಣ್ಯವಂತರ ಮಾತು ಬೇರೆ.) ಆದರೆ ಬಬಲೇಶ್ವರದ ಅಮರಪ್ಪನಂಥ ಷಡ್ಡಕ ಹಗೆಯವನಿಗೂ ಬೇಡ ಎಂಬುದು ಶಂಕ್ರೆಪ್ಪನ ಖಚಿತ ಅಭಿಪ್ರಾಯ. ಅಮರಪ್ಪ ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಅವನು ನಗುನಗುತ್ತ ಮುಂದೆ ಹೋಗುವ ಜಾತಿಯವನು. ಶಂಕ್ರೆಪ್ಪ ಸೈಕಲ್ಲು ಕೊಂಡ ವರ್ಷವೇ ಅವನು ಬಬಲೇಶ್ವರದಲ್ಲಿ ಎಣ್ಣೆ ಇಂಜಿನ್ನಿನ ಹಿಟ್ಟಿನ ಗಿರಣಿ ಹಾಕಿದ. ಶಂಕ್ರೆಪ್ಪ ಹೊಸ ಕೈಗಡಿಯಾರ ಕಟ್ಟಿಕೊಂಡು ತಿಕೋಟಾದಲ್ಲಿರುವ ಮಾವನ ಮನೆಗೆ ಹೋದ ದಿನ ಅವನು ಗ್ರಾಮಫೋನು ಹೊತ್ತುಕೊಂಡು ಬಂದಿದ್ದ. ಊರಿಗೆ ಊರೇ ಗ್ರಾಮಫೋನಿನ ಸುತ್ತ ಕೂತಿತು. ಕೈಗಡಿಯಾರದ ಕಡೆ ತಿರುಗಿ ನೋಡಿದವರು ಮಾವ ಒಬ್ಬರೇ. ಅದೂ, "ಒಂದ ಪ್ಲೇಟು ಎಷ್ಟೊತ್ತು ಹಾಡ್ತೈತಿ, ತುಸು ಗಡಿಯಾರ ನೋಡಿ ಹೇಳೋ ಶಂಕ್ರೆಪ್ಪಾ" ಅಂದರು.

ಇಂಥ ಮನುಷ್ಯನ ಮಗನೂ ತನ್ನ ಮಗಳೂ ಒಂದೇ ಹೈಸ್ಕೂಲಿನಲ್ಲಿ, ಒಂದೇ ಇಯತ್ತೆಯಲ್ಲಿ ಓದಬೇಕೆ? ಅಮರಪ್ಪನ ಮಗ ಸಾಬಣ್ಣ ವಿಜಾಪುರದ ಬೋರ್ಡಿಂಗಿನಲ್ಲಿದ್ದ. ಶಂಕ್ರೆಪ್ಪನ ಮಗಳು ಕಾಳವ್ವ ಮನೆಯಿಂದ ಹೋಗಿಬರುತ್ತಿದ್ದಳು. ಮಕ್ಕಳಿಬ್ಬರೂ ಅಣ್ಣತಂಗಿಯರಂತೆ ಗೋಳಗುಮ್ಮಟದ ಬಯಲಿನಲ್ಲಿ ಕೂತು ಹುಣಸೆಹಣ್ಣು ಹಂಚಿಕೊಂಡು ತಿನ್ನುತ್ತಿದ್ದರು. ಶಂಕ್ರೆಪ್ಪನಿಗೆ ಅದೂ ಸೇರುತ್ತಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಸಾಬಣ್ಣನೇ ತಿನ್ನುತ್ತಾನೆಂದು ಅವನ ಗುಮಾನಿ.

ದೊಡ್ಡ ಯುದ್ಧ ಮುಗಿದ ಮರುವರ್ಷ ಆ ಸಾಲೆಯಲ್ಲಿ ವಿಜ್ಞಾನದ ಪ್ರದರ್ಶನ ಮಾಡುವುದೆಂದು ಗುರುರಾಜ ಮಾಸ್ತರರು ಸಾರಿದರು. ಕಾಳವ್ವ ಊಟದ ಹೊತ್ತಿಗೆ ಸುದ್ದಿ ತಂದಳು.

"ಎಲ್ಲಾರೂ ಏನರೆ ಒಂದ ಮಾಡ್ಕೊಂಡ ಬರಬೇಕಂತ ಯಪ್ಪಾ. ಧಾರವಾಡದಿಂದ ಪ್ರೊಫೆಸರ್ ಸಾಹೇಬ್ರು ಬಂದು ಬಹುಮಾನ ಕೊಡ್ತಾರಂತ."

ಶಂಕ್ರೆಪ್ಪ ರೊಟ್ಟಿ ಮುರಿಯುತ್ತ, ಏನೂ ಆಸಕ್ತಿಯಿಲ್ಲದವನ ಹಾಗೆ ಕೇಳಿದ: "ಸಾಬಣ್ಣ ಏನ ಮಾಡ್ತಾನಂತ?"

"ಉಗಿ ಇಂಜಿನ್. ಕಾಕಾ ಪುಣೆದಿಂದ ಸಾಮಾನ ತರಿಸ್ಯಾರಂತ. ಖರೆಖರೆ ಚಕ್ರ ತಿರಗತೈತಂತ!"

ರೊಟ್ಟಿ ಗಂಟಲಲ್ಲಿ ನಿಂತಿತು. ಹೆಂಡತಿ ಮುರಿಗೆವ್ವ ನೀರಿನ ತಂಬಿಗೆ ಮುಂದೆ ಸರಿಸಿ, "ನುಂಗ್ರಿ. ರೊಟ್ಟಿ ನುಂಗಾಕ ಬರ್ತೈತಿ, ಷಡ್ಡಕನ್ನ ನುಂಗಾಕ ಬರಾಂಗಿಲ್ಲ" ಅಂದಳು.

"ನನಗೇನಾಗೇತಿ? ಮಾಡ್ಲಿ. ನಾವೂ ಮಾಡೂಣು. ಅವಂದು ಗೇಣುದ್ದ ಇಂಜಿನ್ ಇದ್ರ ನಮ್ದು ಆಳುದ್ದ!"

"ಯಪ್ಪಾ, ಮಾಡೋದು ನಾ ಅಲ್ಲ?" ಎಂದು ಕಾಳವ್ವ ಕೇಳಿದಳು. ಆ ಪ್ರಶ್ನೆಯನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಬೆಳಗ್ಗೆ ಶಂಕ್ರೆಪ್ಪ ಅಂಗಡಿಗೆ ಹೋಗಲಿಲ್ಲ. ಬಚ್ಚಲಮನೆಯ ಒಲೆಯ ಮೇಲಿದ್ದ ಹಂಡೆಯ ಮುಂದೆ ಮಹರ್ಷಿಯ ಹಾಗೆ ಕೂತ. ತತ್ವ ಬಹಳ ಸರಳ. ಇಂಜಿನ್ನೆಂದರೆ ಉಗಿ, ಉಗಿಯೆಂದರೆ ಬಿಸಿನೀರು, ಬಿಸಿನೀರೆಂದರೆ ಹಂಡೆ. ಹಂಡೆಯ ವಿಷಯದಲ್ಲಿ ತನಗಿಂತ ಬಲ್ಲವರು ವಿಜಾಪುರ ಜಿಲ್ಲೆಯಲ್ಲಿ ಇನ್ನಾರು? ಹಂಡೆಯ ಬಾಯಿಗೆ ಹಿತ್ತಾಳೆಯ ಮುಚ್ಚಳ ಹಾಕಿದ. ಉಗಿ ಸೋರದಂತೆ ಸುತ್ತಲೂ ಜೋಳದ ಹಿಟ್ಟು ಮೆತ್ತಿದ. (ಅಂದಿನ ರೊಟ್ಟಿಯ ಹಿಟ್ಟು ಅದು.) ಮೇಲೆ ಹಗ್ಗ ಬಿಗಿದ. ಕೆಳಗೆ ಹತ್ತಿಕಟ್ಟಿಗೆ ತುರುಕಿ ಉರಿ ಹೆಚ್ಚಿಸಿದ.

"ಉಗಿ ಹೊರಗ ಬರಾಕ ತೂತ ಎಲ್ಲೈತಿ ಯಪ್ಪಾ?" ಕಾಳವ್ವ ಬಾಗಿಲಲ್ಲಿ ನಿಂತು ಕೇಳಿದಳು.

"ತೂತ ಕಡೀಕ. ಮೊದಲು ಶಕ್ತಿ ತುಂಬಲಿ."

"ಯಪ್ಪಾ, ಹೊರಗ ಬಾ."

"ನೀ ಸುಮ್ಕಿರು. ನಿಮ್ಮ ಕಾಕಾನ ಇಂಜಿನ್ನಿಗೆ ಇಷ್ಟು ಶಕ್ತಿ ಐತೇನು? ನೋಡು ಹೆಂಗ ಗುಡುಗುಡು ಅನ್ನಾಕತ್ತೈತಿ!"

ಗುಡುಗುಡು ಅಂದದ್ದು ಒಮ್ಮೆಲೇ ಢಮ್ ಅಂದಿತು. ಮುಚ್ಚಳ ಹಗ್ಗ ಹರಿದುಕೊಂಡು ಮಾಳಿಗೆಯ ಜಂತಿಗೆ ಬಡಿಯಿತು. ಜಂತಿಯ ಮೇಲೆ ಅಜ್ಜನ ಕಾಲದಿಂದ ಕೂತಿದ್ದ ಮಸಿ, ಮಣ್ಣು, ಒಂದು ಗುಬ್ಬಿಗೂಡು ಎಲ್ಲ ಶಂಕ್ರೆಪ್ಪನ ತಲೆಯ ಮೇಲೆ ಇಳಿದವು. ಜೋಳದ ಹಿಟ್ಟು ಮೀಸೆಗೆ ಹತ್ತಿತು. ಪುಣ್ಯಕ್ಕೆ ಕುದಿನೀರು ಬಚ್ಚಲ ಮೋರಿಯ ಕಡೆ ಹರಿಯಿತು. ಮುರಿಗೆವ್ವ ಓಡಿ ಬಂದು ಗಂಡನನ್ನು ತಲೆಯಿಂದ ಕಾಲಿನ ತನಕ ನೋಡಿದಳು. ಜೀವಕ್ಕೆ ಅಪಾಯವಿಲ್ಲ ಅನ್ನುವುದು ಖಾತ್ರಿಯಾದ ಮೇಲೆ ಬಾಯಿ ತೆರೆದಳು.

"ಯವ್ವಾ! ಜಳಕದ ನೀರೂ ಹೋತು, ರೊಟ್ಟಿ ಹಿಟ್ಟೂ ಹೋತು. ಷಡ್ಡಕನ ಇಂಜಿನ್ ಮಾತ್ರ ಬಬಲೇಶ್ವರದಾಗ ಸುರಕ್ಷಿತ ಐತಿ!"

"ಏನಂದಿ?"

"ಕೇಳಸಲಿಲ್ಲೇನು?"

ಕೇಳಿಸಿರಲಿಲ್ಲ. ಶಂಕ್ರೆಪ್ಪನ ಕಿವಿಯೊಳಗೆ ಗುಂಯ್ ಎಂದು ಜೇನುಹುಳದ ಸಂತೆ ನೆರೆದಿತ್ತು.

ತಂದೆಯ ಇಂಜಿನ್ನು ಹೀಗೆ ಮುಕ್ತಿ ಪಡೆದ ಮೇಲೆ ಕಾಳವ್ವ ತನ್ನ ಕೆಲಸ ಶುರು ಮಾಡಿದಳು. ಗೋಳಗುಮ್ಮಟದ ಮೇಲಿನ ಅಟ್ಟದಲ್ಲಿ ಒಂದು ಕಡೆ ಗೋಡೆಗೆ ಬಾಯಿ ಇಟ್ಟು ಪಿಸುಗುಟ್ಟಿದರೆ ಎದುರಿನ ಗೋಡೆಗೆ ಕಿವಿ ಇಟ್ಟವರಿಗೆ ಕೇಳುತ್ತದಲ್ಲ, ಅದು ಯಾಕೆಂದು ಗುರುರಾಜ ಮಾಸ್ತರರು ಹುಡುಗರಿಗೆ ತಿಳಿಸಿ ಹೇಳಿದ್ದರು. ಧ್ವನಿಯೂ ಚೆಂಡಿನ ಹಾಗೆ ಗೋಡೆಗೆ ಬಡಿದು ಪುಟಿಯುತ್ತದೆ; ಗೋಡೆ ಬಾಗಿದ್ದರೆ ಪುಟಿದದ್ದೆಲ್ಲ ಒಂದು ಕಡೆ ಕೂಡುತ್ತದೆ. ಕಾಳವ್ವ ಅಂಗಡಿಯಿಂದ ಲಗ್ನದ ಅಡುಗೆಯ ದೊಡ್ಡ ತಾಮ್ರದ ಕಡಾಯಿ ಎರಡು ತರಿಸಿದಳು. ಪಡಸಾಲೆಯ ಈ ತುದಿಗೊಂದು ಆ ತುದಿಗೊಂದು, ಒಳಮೈ ಎದುರುಬದುರಾಗುವಂತೆ ಅಂಚಿನ ಮೇಲೆ ನಿಲ್ಲಿಸಿದಳು. ಎಲ್ಲಿ ಬಾಯಿ ಇಡಬೇಕು, ಎಲ್ಲಿ ಕಿವಿ ಇಡಬೇಕು ಎಂದು ಹುಡುಕಿ ಹುಡುಕಿ, ಆ ಜಾಗಕ್ಕೆ ದಾರದಲ್ಲಿ ಒಂದೊಂದು ಕೆಂಪು ಮಣಿ ಇಳಿಬಿಟ್ಟಳು.

"ಯಪ್ಪಾ, ಈ ಮಣಿ ಹತ್ರ ಕಿವಿ ಇಡು. ನಾ ಆ ಕಡಿಂದ ಮಾತಾಡ್ತೇನಿ."

ಶಂಕ್ರೆಪ್ಪ ಕಿವಿ ಇಟ್ಟ. ಅವನಿಗೆ ಜೇನುಹುಳದ ಸಂತೆಯೊಂದೇ ಕೇಳಿತು.

"ಏನೂ ಇಲ್ಲವಾ. ಪ್ರದರ್ಶನಕ್ಕ ಬಂದ ಮಂದಿ, ಶಂಕ್ರೆಪ್ಪ ಕಡಾಯಿ ಮಾರಾಕ ಬಂದಾನ ಅಂತ ತಿಳ್ಕೋತಾರ, ಅಷ್ಟ."

"ನನಗ ಚಂದಾಗಿ ಕೇಳ್ತು" ಎಂದು, ತಾನೂ ಮಣಿಯ ಹತ್ತಿರ ಕಿವಿ ಇಟ್ಟು ನೋಡಿದ ಮುರಿಗೆವ್ವ ಹೇಳಿದಳು. ಆದರೆ ತನಗೆ ಕೇಳದ್ದು ಹೆಂಡತಿಗೆ ಕೇಳಿತು ಎಂಬುದನ್ನು ಯಾವ ಗಂಡ ನಂಬುತ್ತಾನೆ?

ಪ್ರದರ್ಶನದ ದಿನ ಸಾಲೆಯ ದೊಡ್ಡ ಹಾಲು ಕಿಕ್ಕಿರಿದಿತ್ತು. ಎಲ್ಲಕ್ಕಿಂತ ದೊಡ್ಡ ಗುಂಪು ಇದ್ದದ್ದು ಸಾಬಣ್ಣನ ಮೇಜಿನ ಸುತ್ತ. ಇಂಜಿನ್ನು ಪುಕ್ ಪುಕ್ ಎಂದು ಉಗಿ ಬಿಡುತ್ತ ಪುಟ್ಟ ಚಕ್ರ ತಿರುಗಿಸುತ್ತಿತ್ತು. ಅಮರಪ್ಪ ಜರಿಯಂಚಿನ ರುಮಾಲು ಸುತ್ತಿ ಬಂದವರಿಗೆಲ್ಲ ಕೈಮುಗಿಯುತ್ತಿದ್ದ. ಶಂಕ್ರೆಪ್ಪ ಅತ್ತ ನೋಡಬಾರದೆಂದು ನಿರ್ಧರಿಸಿದ್ದ. ಆದ್ದರಿಂದ ಅತ್ತ ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಅಷ್ಟರಲ್ಲಿ ಕಿವಿಯೊಳಗಿನ ಸಂತೆ ಚದುರಿ ಅವನಿಗೆ ಎಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು, ಮುಖ್ಯವಾಗಿ ಆ ಪುಕ್ ಪುಕ್.

ಹಾಲಿನ ಆ ತುದಿಯ ಕಡಾಯಿಯ ಹತ್ತಿರ ಕಾಳವ್ವ ನಿಂತಿದ್ದಳು, ಈ ತುದಿಯ ಕಡಾಯಿಯ ಹತ್ತಿರ ಗಂಡಹೆಂಡತಿ. ಪ್ರೊಫೆಸರರು ಇಂಜಿನ್ನು ನೋಡಿ, ಸಾಬಣ್ಣನ ಬೆನ್ನು ತಟ್ಟಿ, ಕಾಳವ್ವನ ಕಡೆ ಬಂದರು. ಬಿಳಿ ಮೀಸೆಯ ಮುದುಕರು, ಕಿವಿ ಮಂದ. ಕಾಳವ್ವ ಕೂಗಿ ಕೂಗಿ ಎಲ್ಲ ವಿವರಿಸಿದಳು.

"ನನ್ನ ಕಿವಿ ನನಗಿಂತ ಮೊದಲ ಪೆನ್ಶನ್ ತಗೊಂಡಾವ" ಅಂದರು ಪ್ರೊಫೆಸರರು. "ಬ್ಯಾರೆ ಯಾರರೆ ಒಬ್ಬರು ಕೇಳಿ ಹೇಳ್ರಿ."

"ನಾ ಕೇಳ್ತೇನ್ರಿ ಸಾಹೇಬ್ರ" ಎಂದು ಮುಂದೆ ಬಂದವನು ಅಮರಪ್ಪ. ರುಮಾಲು ತೆಗೆದು, ಬಗ್ಗಿ, ಮಣಿಯ ಹತ್ತಿರ ಕಿವಿ ಇಟ್ಟ. ಮಾತಾಡಲೆಂದು ಕಾಳವ್ವ ಈ ತುದಿಗೆ ಓಡಿದಳು. ನಡುವೆ ಇಂಜಿನ್ನಿನ ಗುಂಪು ಅಡ್ಡವಾಗಿ ಸಿಕ್ಕಿಬಿದ್ದಳು.

ಹಾಲಿನ ಗದ್ದಲದಲ್ಲಿ ಈ ಏರ್ಪಾಡೇನೂ ಶಂಕ್ರೆಪ್ಪನಿಗೆ ಗೊತ್ತಾಗಲಿಲ್ಲ. ಅವನಿಗೆ ಕಂಡದ್ದು ತನ್ನ ಕಡಾಯಿಯೊಳಗೆ ತಲೆ ತೂರಿಸಿದ ಷಡ್ಡಕ. ಅದೇ ಹೊತ್ತಿಗೆ ಈ ಕಡೆಯ ಕಡಾಯಿಯ ಮೇಲೊಂದು ಕಲೆ ಕಂಡಿತು. ಭಾಂಡೆ ವ್ಯಾಪಾರಿಯ ಚಟ; ಧೋತರದ ಚುಂಗು ಹಿಡಿದು, ಮಣಿ ಮೂಗಿಗೆ ತಾಕುವಷ್ಟು ಬಗ್ಗಿ ಒರೆಸತೊಡಗಿದ. ಒರೆಸುತ್ತ ಹೆಂಡತಿಗೆ ಪಿಸುಗುಟ್ಟಿದ.

"ನೋಡಲೇ ಅವನ್ನ. ಕಲಾಯಿ ಸುಮಾರ ಐತೇನು ಅಂತ ಹುಡಕಾಕತ್ತಾನ. ಆ ಇಂಜಿನ್ ಪುಣೆದಾಗಿನ ಮಿಸ್ತ್ರಿ ಮಾಡಿದ್ದು. ಸಾಬಣ್ಣ ಬರೇ ಬೆಂಕಿ ಹಚ್ಯಾನ. ಹಂಗಂದ್ರ ಬೀಡಿ ಸೇದೋರೆಲ್ಲಾ ವಿಜ್ಞಾನಿಗಳ! ಖರೆ ಹೇಳ್ತೇನಿ, ಅದು ಪುಕ್ ಪುಕ್ ಅಂದಾಗೊಮ್ಮೆ ನನ್ನ ಹೊಟ್ಟಿ ಧಗಧಗ ಅಂತೈತಿ. ಅದರಾಗಿರೋ ಉಗಿಗಿಂತ ನನ್ನೊಳಗ ಹೆಚ್ಚೈತಿ."

"ಸುಮ್ನಿರ್ರಿ!" ಎಂದು ಮುರಿಗೆವ್ವ ಅವನ ತೋಳು ಜಗ್ಗಿದಳು. ಆ ತುದಿಯಲ್ಲಿ ಅಮರಪ್ಪ ಮೆಲ್ಲನೆ ತಲೆ ಎತ್ತಿದ್ದನ್ನು ಅವಳು ನೋಡಿದ್ದಳು.

"ಏನ ಕೇಳಿಸ್ತು?" ಎಂದರು ಪ್ರೊಫೆಸರರು.

ಅಮರಪ್ಪ ಹೇಳಿದ. ಮಂದ ಕಿವಿಯವರಿಗೆ ಹೇಳಬೇಕಾದ್ದರಿಂದ ಹಾಲಿಗೆಲ್ಲ ಕೇಳುವಂತೆ ಹೇಳಿದ. ಕಲಾಯಿ, ಮಿಸ್ತ್ರಿ, ಬೀಡಿ, ಹೊಟ್ಟೆಯ ಧಗಧಗ, ಉಗಿ, ಒಂದನ್ನೂ ಬಿಡಲಿಲ್ಲ. ಮಂದಿ ಇಂಜಿನ್ನು ಬಿಟ್ಟು ಶಂಕ್ರೆಪ್ಪನ ಕಡೆ ತಿರುಗಿದರು. ಅಷ್ಟು ಜನ ತನ್ನನ್ನು ನೋಡಲಿ ಎಂದು ಅವನು ಎಷ್ಟೋ ವರ್ಷ ಆಸೆಪಟ್ಟಿದ್ದ. ಇಂಥ ಸಂದರ್ಭದಲ್ಲಿ ಅಲ್ಲ.

ಪ್ರೊಫೆಸರರು ಕೋಲೂರಿಕೊಂಡು ಈ ತುದಿಗೆ ನಡೆದು ಬಂದರು. "ಅವರು ಹೇಳಿದ್ದನ್ನ ನೀವು ಅಂದದ್ದು ಖರೇನ? ನೀವು ಅಂದಿಲ್ಲಂದ್ರ ಹುಡುಗಿ ಪ್ರಯೋಗ ಸುಳ್ಳು ಆಗ್ತದ."

ಶಂಕ್ರೆಪ್ಪನ ನಾಲಿಗೆಯ ತುದಿಗೆ "ಇಲ್ರಿ" ಬಂದು ನಿಂತಿತ್ತು. ಅಷ್ಟರಲ್ಲಿ ಗುಂಪಿನಿಂದ ಬಿಡಿಸಿಕೊಂಡು ಬಂದ ಕಾಳವ್ವ ಕಣ್ಣೆದುರು ನಿಂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. ಮಾನ ಉಳಿಸಿಕೊಂಡರೆ ಮಗಳು ಸೋಲುತ್ತಾಳೆ. ಮೇಲಾಗಿ ಇಂಜಿನ್ನು ಗೆಲ್ಲುತ್ತದೆ!

"ಅಂದೇನ್ರಿ" ಅಂದ.

"ಹಾಂ?"

"ಅಂದೇನ್ರೀ!" ಎಂದು ಕೂಗಿದ.

ಪ್ರೊಫೆಸರರು ತಲೆದೂಗಿದರು. ಆಮೇಲೆ ಹುಬ್ಬು ಗಂಟಿಕ್ಕಿದರು. "ಆದರ ಒಂದ ಸಂಶಯ ಅದ. ಅವರು ನಿಮಗ ಏನಾಗ್ಬೇಕು?"

"ಷಡ್ಡಕರೀ."

"ನೋಡ್ರಿ ಮತ್ತ! ಷಡ್ಡಕ ಷಡ್ಡಕನ ಬಗ್ಗೆ ಹಿಂಗ ಅಂತಾನ ಅನ್ನೋದನ್ನ ಕಿವುಡನೂ ಊಹಿಸ್ತಾನ. ಇದು ಪುರಾವೆ ಆಗೂದಿಲ್ಲ. ಇನ್ನೊಮ್ಮೆ ಆಗ್ಲಿ. ಈ ಸಲ ಯಾರ ಊಹೆಗೂ ಬರದಂಥಾ ಮಾತು ಅನ್ರಿ."

ಶಂಕ್ರೆಪ್ಪ ಯೋಚಿಸಿದ. ಊಹೆಗೆ ಬರದಂಥ ಮಾತು ಜಗತ್ತಿನಲ್ಲಿ ಒಂದೇ ಒಂದಿತ್ತು. ಮುರಿಗೆವ್ವನಿಗೂ ಅದು ಹೊಳೆದಿತ್ತು, ಮೊಳಕೈಯಿಂದ ತಿವಿದಳು. ಅವನು ಬೇವಿನ ಕಷಾಯ ಕುಡಿಯುವವನಂತೆ ಕಣ್ಣು ಮುಚ್ಚಿ, ಮಣಿಯ ಹತ್ತಿರ ಬಾಯಿಟ್ಟು ಪಿಸುಗುಟ್ಟಿದ: "ಅಮರಪ್ಪ ನನಗಿಂತ ತುಸು ಶಾಣ್ಯಾ ಅದಾನ."

ಅಮರಪ್ಪ ಆ ತುದಿಯಿಂದ ಕೂಗಿದ: "ಏನೂ ಕೇಳಸವಲ್ದರಿ!"

ಕಾಳವ್ವನ ಮುಖ ಸಣ್ಣದಾಯಿತು. ಶಂಕ್ರೆಪ್ಪ ಉಸಿರೆಳೆದುಕೊಂಡು ಇನ್ನೊಮ್ಮೆ ಹೇಳಿದ: "ಅಮರಪ್ಪ ನನಗಿಂತ ಶಾಣ್ಯಾ ಅದಾನ."

"ಅಣ್ಣಾರ, ಸುರು ಮಾಡ್ರಲ್ಲ! ನಾ ಕಿವಿ ಇಟ್ಟ ನಿಂತೇನಿ."

"ಅಮರಪ್ಪ ನನಗಿಂತ ಭಾಳ ಶಾಣ್ಯಾ ಅದಾನ!"

"ಊಂಹೂಂ."

ಪ್ರೊಫೆಸರರು ಜೇಬಿನಿಂದ ಗಡಿಯಾರ ತೆಗೆದು ನೋಡಿದರು. ಶಂಕ್ರೆಪ್ಪನ ತಾಳ್ಮೆಯ ಮುಚ್ಚಳ ಹಾರಿತು. ಕಡಾಯಿ ಬಿಟ್ಟು ನೆಟ್ಟಗೆ ನಿಂತು, ಎರಡೂ ಕೈ ಎತ್ತಿ ಕಿರಿಚಿದ: "ಬಬಲೇಶ್ವರದ ಅಮರಪ್ಪ ನನಗಿಂತ ಭಾಳ ಭಾಳ ಶಾಣ್ಯಾ ಅದಾನ! ನನಗಿಂತ ದೊಡ್ಡ ಮನಸ್ಸಿನವ ಅದಾನ! ಕೇಳ್ತೇನಪಾ?"

ಹೊರಗೆ ಟಾಂಗಾದವನೊಬ್ಬ ಕುದುರೆ ನಿಲ್ಲಿಸಿ ಕಿಟಕಿಯೊಳಗೆ ಇಣುಕಿದ.

ಅಮರಪ್ಪ ನಿಧಾನವಾಗಿ ರುಮಾಲು ಇಟ್ಟುಕೊಂಡು, ಹಾಲು ದಾಟಿ ಬಂದು ಪ್ರೊಫೆಸರರ ಕಿವಿಯ ಹತ್ತಿರ ನಿಂತ. "ಸಾಹೇಬ್ರ, ಎಲ್ಲಾ ಚಂದಾಗಿ ಕೇಳೇತ್ರಿ. ಮೊದಲ 'ತುಸು ಶಾಣ್ಯಾ' ಅಂದ್ರು. ಆಮ್ಯಾಲ 'ತುಸು' ಬಿಟ್ರು. ಆಮ್ಯಾಲ 'ಭಾಳ' ಹಚ್ಚಿದ್ರು. ಹೌದಲ್ರಿ ಅಣ್ಣಾರ?"

"ಹೌದು" ಎಂದು ಶಂಕ್ರೆಪ್ಪ ಒಪ್ಪಲೇಬೇಕಾಯಿತು. ಆಮೇಲೆ ಹಲ್ಲು ಕಡಿದು ಕೇಳಿದ: "ಮತ್ತ ಕೇಳಸವಲ್ದು ಅಂತ ಯಾಕ ಒದರಿದಿ?"

"ದರ ಏರಾಕತ್ತಿತ್ರಿ" ಅಂದ ಅಮರಪ್ಪ. "ಏರೋ ದರದಾಗ ಯಾವ ಶಾಣ್ಯಾ ಮಾರ್ತಾನ?"

ಪ್ರೊಫೆಸರರು ನಗುತ್ತ ಕಾಳವ್ವನಿಗೆ ಮೊದಲ ಬಹುಮಾನ ಸಾರಿದರು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಅಮರಪ್ಪನೇ. ಅದರಲ್ಲೂ ಮುಂದು! ಶಂಕ್ರೆಪ್ಪ ಅವಸರವಸರವಾಗಿ ಚಪ್ಪಾಳೆ ಶುರು ಮಾಡುವಷ್ಟರಲ್ಲಿ ಉಳಿದವರದು ಮುಗಿದಿತ್ತು.

ಕಾಳವ್ವನೂ ಸಾಬಣ್ಣನೂ ಇಂಜಿನ್ನಿನ ಪುಕ್ ಪುಕ್ ಕಡಾಯಿಯಲ್ಲಿ ಹೇಗೆ ಕೇಳುತ್ತದೆಂದು ನೋಡಲು ಓಡಿದರು. ಶಂಕ್ರೆಪ್ಪ ಟೊಪ್ಪಿಗೆ ಸರಿಮಾಡಿಕೊಂಡು ಮೆಲ್ಲಗೆ ಬಾಗಿಲ ಕಡೆ ಜಾರುತ್ತಿದ್ದಾಗ, ಹಿಂದಿನಿಂದ ಹೆಂಡತಿಯ ದನಿ ಕೇಳಿತು. ಕಡಾಯಿಯ ಸಹಾಯವೇನೂ ಇಲ್ಲದೆ, ಅಕ್ಷರ ಅಕ್ಷರ ಕೇಳಿತು.

"ಗಡಬಡಿ ಮಾಡಿದ್ರಿ ಅಮರಪ್ಪಾರ. ಇನ್ನೊಂದ ಸಲ ಕೇಳಸಲಿಲ್ಲ ಅಂದಿದ್ರ, ಸಿಟ್ಟಿನ ಭರದಾಗ ನನಗೂ ಒಂದ ಒಳ್ಳೆ ಮಾತು ಅಂದಬಿಡ್ತಿದ್ರು. ಲಗ್ನ ಆದಾಗಿಂದ ಕಿವಿ ಇಟ್ಟ ನಿಂತೇನಿ ನಾನೂ."